ಮೂರನೆಯ ಹೆಸರು

ಹುಲಿಗೆಮ್ಮ, ನಿನ್ನ ಹೆಸರು ಬಂದಿತ್ತು.

ಐದನೆಯ ತರಗತಿಯಲ್ಲಿದ್ದಾಗ ನೀನು ವಸತಿ ಶಾಲೆಗೆ ಸೇರಲು ಪರೀಕ್ಷೆ ಬರೆದಿದ್ದೆಯಲ್ಲ — ಅದರಲ್ಲಿ ನೀನು ಪಾಸಾಗಿದ್ದೆ. ಆಯ್ಕೆಯಾದವರ ಪಟ್ಟಿಯಲ್ಲಿ ಮೂರನೆಯ ಹೆಸರು ನಿನ್ನದು. ಆ ಪಟ್ಟಿಯನ್ನು ಮಾಸ್ತರರು ತಂದು ನನ್ನ ಕೈಯಲ್ಲೇ ಕೊಟ್ಟರು. ನಾನು ಓದಿದೆ. ಎರಡು ಸಲ ಓದಿದೆ. ಆಮೇಲೆ ಅದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡೆ. ಸಂಜೆ ನಿನಗೆ, ನಿನ್ನ ಹೆಸರು ಬರಲಿಲ್ಲ ಎಂದು ಹೇಳಿದೆ.

ಹದಿನೇಳು ವರ್ಷವಾಯಿತು. ಇಷ್ಟು ವರ್ಷವೂ ನೀನು ನಿನ್ನನ್ನು ದಡ್ಡಿ ಎಂದೇ ತಿಳಿದು ಬದುಕಿದೆ. ನಾನು ಅದನ್ನು ನೋಡಿಕೊಂಡು ಬದುಕಿದೆ.

ನನ್ನ ಬಾಯಿ ಎಂಥದೆಂದು ಊರಿಗೆಲ್ಲ ಗೊತ್ತು. ಹೊಲದಲ್ಲಿ ಹತ್ತು ಹೆಂಗಸರ ಜಗಳವನ್ನು ಒಂದು ಮಾತಿನಲ್ಲಿ ಮುಗಿಸುವವಳು ನಾನು. ಈ ಒಂದು ಮಾತನ್ನು ಮಾತ್ರ ಒಳಗೇ ಇಟ್ಟುಕೊಂಡೆ. ಒಂದೇ ಒಂದು ಸಲ, ನೀನು ಕುವೈತಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಅದು ಹೊರಗೆ ಬಂತು. ನೀನು ನಂಬಲಿಲ್ಲ. ನೀನು ನಂಬದಿದ್ದುದು ನನಗೂ ಅನುಕೂಲವೇ ಆಯಿತು — ಅದನ್ನೂ ಬರೆಯುತ್ತೇನೆ. ಮೊದಲಿನಿಂದ ಬರೆಯುತ್ತೇನೆ. ಕೆಲವೆಲ್ಲ ನಿನಗೆ ಗೊತ್ತಿರುವುದೇ, ಆದರೆ ಮುಂದೊಂದು ದಿನ ನಿನ್ನ ಮಗಳು ಭೂಮಿಕಾ ಇದನ್ನು ಓದಬಹುದು, ಅವಳಿಗೂ ತಿಳಿಯಬೇಕು.

ಆಗ ಕುಷ್ಟಗಿಯ ಸುತ್ತಮುತ್ತ ಊರೂರಿಗೂ ಸೀಡ್ಸ್ ಕೆಲಸ ಬಂದಿತ್ತು. ಕಾಯಿಯನ್ನು ಮಾರುಕಟ್ಟೆಗೆ ಒಯ್ಯುವುದಲ್ಲ, ಬೀಜ ತಯಾರು ಮಾಡುವುದು. ಬೆಂಡೆ ಗಿಡದಲ್ಲಿ ನಾಳೆ ಅರಳುವ ಮೊಗ್ಗು ಯಾವುದೆಂದು ಸಂಜೆಯೇ ಗುರುತಿಸಬೇಕು. ಅದನ್ನು ಉಗುರಿನಿಂದ ಬಿಡಿಸಿ, ಒಳಗಿನ ಗಂಡು ಪುಡಿಯನ್ನೆಲ್ಲ ಸುಲಿದು ತೆಗೆಯಬೇಕು. ನಡುವಿನ ತುದಿಗೆ ಸ್ವಲ್ಪವೂ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಬೇರೆ ಹೊಲದ ಗಂಡು ಹೂವು ತಂದು ಅದಕ್ಕೆ ಸವರಬೇಕು. ಕ್ರಾಸಿಂಗ್ ಎನ್ನುತ್ತಿದ್ದೆವು. ಬೆಂಡೆಯ ಮೈಮೇಲಿನ ಸುಂಕು ಕೈಗೆಲ್ಲ ಚುಚ್ಚುತ್ತದೆ, ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತೇವೆ; ಆದರೆ ಮೊಗ್ಗು ಸುಲಿಯುವ ಎರಡು ಬೆರಳಿಗೆ ಸುತ್ತುವಂತಿಲ್ಲ. ದೊಡ್ಡವರ ಬೆರಳು ದಪ್ಪ, ಹತ್ತರಲ್ಲಿ ಮೂರು ಮೊಗ್ಗು ಮುರಿದು ಹೋಗುತ್ತಿದ್ದವು. ನಿನ್ನ ಬೆರಳಲ್ಲಿ ಒಂದೂ ಮುರಿಯುತ್ತಿರಲಿಲ್ಲ.

ರಜೆಯಲ್ಲಿ ಮಾತ್ರ ನನ್ನ ಜೊತೆ ಬರುತ್ತಿದ್ದೆ. ನಿನಗೆ ಹನ್ನೊಂದು ವರ್ಷ. ಹೆಬ್ಬೆರಳಿನ ಉಗುರು ಬೆಳೆಸಿಕೊಂಡಿದ್ದೆ, ಅದರ ಸಂದಿಯಲ್ಲಿ ಯಾವಾಗಲೂ ಹಸಿರು ಕರೆ. ನಮ್ಮ ಸಾಲು ಮುಗಿದರೂ ಪಕ್ಕದ ಸಾಲಿನವರು ಅರ್ಧಕ್ಕೇ ಇರುತ್ತಿದ್ದರು. ಹೊಲದ ಸಾಹುಕಾರರು ಬದುವಿನ ಮೇಲೆ ನಿಂತು ನೋಡಿ ಒಂದು ದಿನ ಹೇಳಿದರು, “ನಿಂಗವ್ವ, ನಿನ್ನ ಮಗಳ ಕೈಗುಣ ಭಾಳ ಛಲೋ ಐತಿ. ಈ ಕೈ ಹೊಲದಾಗ ಇದ್ರ ನಿನ್ನ ಹೆಣ್ಣಾಳಿನ ಮೇಸ್ತ್ರಿ ಮಾಡತೀನಿ ನೋಡು.” ಆ ಮನುಷ್ಯ ಕೆಟ್ಟವರಲ್ಲ. ಶಾಲೆ ಬಿಡಿಸು ಎಂದು ಅವರು ಹೇಳಲಿಲ್ಲ. ಬಿಡಿಸಿದವಳು ನಾನು.

ಮಾಸ್ತರರು ಬಂದದ್ದು ಆ ರಜೆ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ. ಮನೆಗೆ ಹೋಗಿ, ಬೀಗ ನೋಡಿ, ಹುಡುಕಿಕೊಂಡು ಹೊಲಕ್ಕೇ ಬಂದಿದ್ದರು. ಗಾಡಿಯನ್ನು ದಾರಿಯಲ್ಲೇ ನಿಲ್ಲಿಸಿ, ಧೋತರದ ಚುಂಗು ಹಿಡಿದುಕೊಂಡು ಬದುವಿನ ಮೇಲೆ ನಡೆದು ಬಂದರು. ನೀನು ಗಂಡು ಹೂವು ತರಲು ಆಚೆ ಹೊಲಕ್ಕೆ ಹೋಗಿದ್ದೆ.

“ನಿಂಗವ್ವ, ನಿನ್ನ ಮಗಳು ಗೆದ್ದಾಳ. ಮೂರನೇ ಹೆಸರು ಆಕೀದೈತಿ. ನಮ್ಮ ಸಾಲ್ಯಾಗ ಇನ್ನೊಂದು ಕೂಸಿಂದೂ ಬಂದಿಲ್ಲ. ಎಂಟು ದಿನದಾಗ ಸೇರಿಸಬೇಕು, ಕಾಗದಪತ್ರ ನಾ ಬರದು ಇಡತೀನಿ, ನೀ ಕರಕೊಂಡು ಹೋದ್ರ ಸಾಕು.” ಹೀಗೆಂದು ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. “ನೀ ಓದಿದಾಕಿ. ನಿನಗ ಬಿಡಿಸಿ ಹೇಳೂದು ಬ್ಯಾಡ.”

ನನಗೆ ಓದು ಬರದಿದ್ದರೆ ಅವರೇ ನಿನ್ನನ್ನು ಕೂಗಿ ಕರೆಯುತ್ತಿದ್ದರು. ನಿನ್ನ ಮುಂದೆಯೇ ಓದಿ ಹೇಳುತ್ತಿದ್ದರು.

ಈಗ ಬರೆಯಬೇಕಾದ ಸಾಲನ್ನು ಬರೆಯಲಾರದೆ ಮೂರು ದಿನ ಈ ನೋಟುಪುಸ್ತಕವನ್ನು ಮುಚ್ಚಿಟ್ಟಿದ್ದೆ. ಪಟ್ಟಿಯಲ್ಲಿ ನಿನ್ನ ಹೆಸರು ನೋಡಿದಾಗ ನನಗೆ ಸಂತೋಷವಾಗಲಿಲ್ಲ, ಹುಲಿಗೆಮ್ಮ. ಬೇರೆಯೇ ಏನೋ ಆಯಿತು. ಅದು ಏನೆಂದು ಆಗಲೇ ಗೊತ್ತಿತ್ತು, ಆದರೆ ಹೆಸರಿಡಲಿಲ್ಲ. ಹೊಟ್ಟೆಕಿಚ್ಚು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು. ಏಳನೆಯ ತರಗತಿ ಮುಗಿದ ದಿನ ನನ್ನಪ್ಪ ನನ್ನ ಪಾಟೀಚೀಲವನ್ನು ಗೂಟಕ್ಕೆ ತೂಗುಹಾಕಿ, ಇನ್ನು ಸಾಕು ಎಂದಿದ್ದ. ಆ ಚೀಲ ಅಲ್ಲೇ ನೇತಾಡುತ್ತಿತ್ತು, ಬೇಳೆ ತುಂಬಿಡಲು ಬಳಸಿಕೊಂಡರು. ಕಿರಾಣಿ ಸಾಮಾನು ಕಟ್ಟಿಕೊಟ್ಟ ಪೇಪರನ್ನು ಬಿಡಿಸಿ ಬಿಡಿಸಿ ಓದುತ್ತಿದ್ದವಳು ನಾನು. ನನಗೆ ಯಾರೂ ಬದುವಿನ ಮೇಲೆ ನಡೆದು ಬಂದು ಪಟ್ಟಿ ಕೊಡಲಿಲ್ಲ. ನಿನಗೆ ಕೊಟ್ಟರು. ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು ನನ್ನನ್ನು ಆ ಸಾಲಿನಲ್ಲಿ ಬಿಟ್ಟು ಮುಂದೆ ಹೋಗುತ್ತಾಳೆ ಎನ್ನಿಸಿತು.

ಬೇರೆ ಕಾರಣಗಳನ್ನೂ ಕಟ್ಟಿಕೊಂಡಿದ್ದೆ. ನಿಮ್ಮಪ್ಪ ಗೋವಾದಲ್ಲಿ ರಸ್ತೆ ಕೆಲಸಕ್ಕೆ ಹೋಗಿದ್ದ, ಮನೆಯಲ್ಲಿ ನಾನೊಬ್ಬಳೇ. ಹೆಣ್ಣು ಕೂಸು, ಅಷ್ಟು ದೂರದ ಹಾಸ್ಟೆಲು. ಮೇಸ್ತ್ರಿಯ ಕೆಲಸ ಕೈತಪ್ಪುತ್ತದೆ. ಬಡತನ ಎಂದರೆ ಎಲ್ಲರೂ ತಲೆದೂಗುತ್ತಾರೆ, ಯಾರೂ ಮತ್ತೊಂದು ಪ್ರಶ್ನೆ ಕೇಳುವುದಿಲ್ಲ. ಆದರೆ ಆ ವರ್ಷ ನಮ್ಮ ಮನೆಯಲ್ಲಿ ಜೋಳಕ್ಕೆ ಕೊರತೆ ಇರಲಿಲ್ಲ. ನೀನು ಹೋಗಿದ್ದರೆ ನಾವು ಉಪವಾಸ ಬೀಳುತ್ತಿರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ, ನಾಳೆ ನೀನೇ ನನ್ನ ಪರವಾಗಿ ಕಾರಣ ಹುಡುಕಲು ಹೋಗಬಾರದು. ನಿನಗೆ ಆ ಚಾಳಿ ಇದೆ.

ಆ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ನೀನು ಒಲೆಯ ಪಕ್ಕ ಕುಳಿತು ಕೇಳಿದೆ, “ಪಟ್ಟಿ ಹಚ್ಯಾರಂತೇನವ್ವ?” ದಿನಾ ಕೇಳುತ್ತಿದ್ದೆಯಲ್ಲ.

“ಹಚ್ಯಾರ,” ಎಂದೆ. “ನಿನ್ನ ಹೆಸರು ಬಂದಿಲ್ಲ, ಹುಲಿಗಿ.”

“ಪೂರಾ ನೋಡಿದ್ಯೇನು?”

“ಪೂರಾ ನೋಡಿದೆ.”

ನೀನು ಅಳಲಿಲ್ಲ. “ಹಂಗಾದ್ರ ಆ ಕಪ್ಪೀ ಲೆಕ್ಕ ತಪ್ಪಿರಬೇಕವ್ವ. ಅದನ್ನ ಎರಡು ಸಲ ಬರದು ಹೊಡದಿದ್ದೆ,” ಎಂದೆ. ಹತ್ತು ಅಡಿ ಬಾವಿಯಲ್ಲಿ ಬಿದ್ದ ಕಪ್ಪೆ ದಿನಕ್ಕೆ ಮೂರು ಅಡಿ ಏರುತ್ತದೆ, ರಾತ್ರಿ ಎರಡು ಅಡಿ ಜಾರುತ್ತದೆ, ಎಷ್ಟನೆಯ ದಿನ ಮೇಲೆ ಬರುತ್ತದೆ ಎನ್ನುವ ಲೆಕ್ಕ. ನೀನು ಮರುದಿನ ಇದ್ದಿಲು ತೆಗೆದುಕೊಂಡು ಹಿತ್ತಲ ಗೋಡೆಯ ಮೇಲೆ ಬಾವಿ ಬರೆದು, ಒಂದೊಂದೇ ದಿನ ಗೀಟು ಹಾಕಿ ಎಣಿಸಿದೆ. “ಎಂಟ ಬರತೈತವ್ವ. ನಾನೂ ಎಂಟ ಬರದಿದ್ದೆ,” ಎಂದು ಬಂದು ಹೇಳಿದೆ. ಮತ್ತೆ ಹೋಗಿ ಎಣಿಸಿದೆ. ಎಷ್ಟು ದಿನ ಎಣಿಸಿದೆಯೋ — ಗೋಡೆಯೆಲ್ಲ ಕಪ್ಪಾಯಿತು ಎಂದು ನಾನು ಬೈದೆ. ಸರಿಯಾದ ಉತ್ತರದಲ್ಲಿ ತಪ್ಪು ಹುಡುಕುತ್ತಿದ್ದ ಕೂಸಿಗೆ ಗೋಡೆ ಹೊಲಸು ಮಾಡಿದ್ದಕ್ಕೆ ಬೈದವಳು ನಾನು.

ಪಟ್ಟಿಯನ್ನು ಒಲೆಗೆ ಹಾಕಿದ್ದೆ. ನೀನು ಕೇಳಿದ ಮರುದಿನ ಬೆಳಿಗ್ಗೆ, ಚಹಾ ಕುದಿಸುವಾಗ.

ಎಂಟು ದಿನ ಕಳೆದ ಮೇಲೆ ಮಾಸ್ತರರು ಮತ್ತೆ ಬಂದರು. ಅವರಿಗೆ ಇನ್ನೊಂದು ಸುಳ್ಳು ಬೇಕಿತ್ತು, ಅದೂ ನನ್ನ ಹತ್ತಿರ ಇತ್ತು. “ಆಕೀನ ಒಲ್ಲೆ ಅಂತಾಳ್ರಿ, ಸರ. ನನ್ನ ಬಿಟ್ಟು ಹೋಗೂದಿಲ್ಲ ಅಂತ ಹಟ ಹಿಡದಾಳ. ಆಕಿ ಮುಂದ ಆ ಮಾತು ತಗೀಬ್ಯಾಡ್ರಿ, ಉಣ್ಣೂದು ಬಿಡತಾಳ.” ಮಾಸ್ತರರು ಗಾಡಿ ತಿರುಗಿಸಿಕೊಂಡು ಹೋದರು.

ಶಾಲೆ ಶುರುವಾಯಿತು, ನೀನು ಆರನೆಯ ತರಗತಿಗೆ ಅದೇ ಮಾಸ್ತರರ ಮುಂದೆ ಹೋಗಿ ಕುಳಿತೆ. ನಾಲ್ಕೈದು ದಿನಕ್ಕೇ ಮನೆಗೆ ಬಂದು ಹೇಳಿದೆ, “ಮಾಸ್ತರು ನನ್ನ ಮಾರಿ ನೋಡವಲ್ರವ್ವ. ನಾ ಕೈ ಎತ್ತಿದ್ರೂ ಕೇಳವಲ್ರು. ಫೇಲಾದ್ನಲ್ಲ, ಅದಕ್ಕ ಸಿಟ್ಟಾಗ್ಯಾರ.” ನಿನಗೆ ಹೇಳಿದ ಸುಳ್ಳಿಗೆ ಅವರಿಗೆ ಹೇಳಿದ ಸುಳ್ಳು ಸಾಕ್ಷಿಯಾಗಿ ನಿಂತಿತು. ಇಷ್ಟು ಚೆನ್ನಾಗಿ ಹೊಂದುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ. ನಾನು ಹೂಂ ಎಂದೆ.

ನಿನ್ನ ಶಾಲೆಯನ್ನು ನಾನು ಕೈಯಾರೆ ಬಿಡಿಸಲಿಲ್ಲ, ಬಿಡಿಸುವ ಕೆಲಸವೇ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ನೀನೇ, “ನನ್ನ ತಲಿಗೆ ಹತ್ತೂದಿಲ್ಲ ಬಿಡವ್ವ, ನಿನ್ನ ಕೂಡ ಬರತೀನಿ,” ಎಂದೆ. ಪುಸ್ತಕಗಳನ್ನೂ ನೀನೇ ಪಕ್ಕದ ಮನೆಯ ಹುಡುಗಿಗೆ ಕೊಟ್ಟೆ. ನಾನು ಮೇಸ್ತ್ರಿಯಾದೆ. ಹೆಂಗಸರು ಮೇಸ್ತ್ರಿ ನಿಂಗವ್ವ ಎಂದು ಕರೆಯತೊಡಗಿದರು, ಅದು ಕಿವಿಗೆ ಹಿತವಾಗಿತ್ತು. ನಿಮ್ಮಪ್ಪ ಗೋವಾದಿಂದ ಬಂದಾಗ ಅವನಿಗೂ ಅದೇ ಸುಳ್ಳು ಹೇಳಿದೆ. ತೀರಿಕೊಳ್ಳುವವರೆಗೂ ಆತ ಅದನ್ನೇ ನಿಜವೆಂದು ತಿಳಿದಿದ್ದ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎನ್ನುತ್ತಾರೆ. ಹೊಲಕ್ಕೆ ಗೊತ್ತೇ ಆಗದಿದ್ದರೆ ಹೇಳುವ ಮಾತೇ ಇಲ್ಲ.

ಆಮೇಲಿನದು ನಿನಗೆ ಗೊತ್ತು. ಹದಿನೇಳು ತುಂಬಿ ಹದಿನೆಂಟಕ್ಕೆ ಬಿದ್ದಾಗ ಕಾರಟಗಿಗೆ ಕೊಟ್ಟೆವು, ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಹುಡುಗ. ಭೂಮಿಕಾ ಹುಟ್ಟಿ ನಾಲ್ಕು ವರ್ಷಕ್ಕೆ ಆತನಿಗೆ ಸಿಂಧನೂರಿನಲ್ಲಿ ಇನ್ನೊಂದು ಸಂಸಾರವಿದೆ ಎಂದು ತಿಳಿಯಿತು. ನೀನು ಕೂಸನ್ನು ಕರೆದುಕೊಂಡು ನನ್ನ ಮನೆಗೆ ಬಂದೆ. ಬಂದವಳು ಆತನನ್ನು ಬೈಯಲಿಲ್ಲ. “ನಾ ದಡ್ಡಿ ಅದೀನವ್ವ, ನನಗ ತಿಳೀಲೇ ಇಲ್ಲ,” ಎಂದೆ. ಜಗತ್ತಿನಲ್ಲಿ ಏನು ಕೆಟ್ಟರೂ ಅದಕ್ಕೆ ನಿನ್ನ ತಲೆಯೇ ಕಾರಣ ಎಂದು ನೀನು ನಂಬಿಬಿಟ್ಟಿದ್ದೆ. ಸಂತೆಯಲ್ಲಿ ಅಂಗಡಿಯವನು ಕೂಡಿಸುವ ಮೊದಲೇ ನೀನು ಬಾಯಲ್ಲಿ ಕೂಡಿಸಿ ಮುಗಿಸಿರುತ್ತಿದ್ದೆ, ಆದರೂ ಅವನು ಹೇಳಿದ್ದೇ ಸರಿ ಇರಬೇಕು ಎಂದು ಸುಮ್ಮನಾಗುತ್ತಿದ್ದೆ.

ಹೋದ ವರ್ಷ ಭೂಮಿಕಾ ಶಾಲೆಯಲ್ಲಿ ಕೊಟ್ಟ ಲೆಕ್ಕ ಮಾಡುತ್ತಾ ಕುಳಿತಿದ್ದಳು. ಅದೇ ಕಪ್ಪೆ, ಅದೇ ಬಾವಿ. ನೀನು ಕಸ ಬಳಿಯುತ್ತಾ ಹಿಂದಿನಿಂದ ನೋಡಿ, “ಎಂಟು,” ಎಂದೆ. ಅವಳು ಪುಸ್ತಕದ ಕೊನೆಯ ಹಾಳೆ ತಿರುವಿ ನೋಡಿ, “ಎಂಟ ಐತವ್ವ, ಬರೋಬರಿ,” ಎಂದಳು. ನೀನು ಕಸಬರಿಗೆ ಹಿಡಿದುಕೊಂಡು ನಿಂತೆ. ನಿನ್ನ ಮುಖದಲ್ಲಿ ಆ ಹನ್ನೊಂದು ವರ್ಷದ ಕೂಸು ಬಂದು ಹೋದದ್ದನ್ನು ನಾನು ನೋಡಿದೆ. ಆಮೇಲೆ ನೀನು ನಿನಗೇ ಹೇಳಿಕೊಂಡಂತೆ, “ಹಂಗಾದ್ರ ಬ್ಯಾರೆ ಯಾವುದೋ ತಪ್ಪಿರಬೇಕು,” ಎಂದು ಮತ್ತೆ ಕಸ ಬಳಿಯತೊಡಗಿದೆ. ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ಕುವೈತಿನ ಮಾತು ಬಂದಾಗ ನಾನು ಬೇಡವೆಂದೆ. ಅಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. “ನನಗ ಇಲ್ಲಿ ಇನ್ನೇನು ಕೆಲಸ ಕೊಡತಾರವ್ವ, ಓದೀನೇನು?” ಎಂದು ನೀನು ಕೇಳಿದೆ. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಕೊಡಲಿಲ್ಲ. ಪಾಸ್‌ಪೋರ್ಟಿಗೆ ಬೆರಳಚ್ಚು ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಮೊಗ್ಗು ಸುಲಿದು ಸುಲಿದು ಸವೆದ ನಿನ್ನ ಹೆಬ್ಬೆರಳನ್ನು ಮಷೀನು ತೆಗೆದುಕೊಳ್ಳಲಿಲ್ಲ. ಒರೆಸಿ ಇಡು ಎಂದರು, ಒತ್ತಿ ಇಡು ಎಂದರು, ನಾಲ್ಕನೆಯ ಸಲಕ್ಕೆ ಹೇಗೋ ಬಂತು. ಹೊರಗೆ ಬಂದು ನೀನು ನಕ್ಕೆ. “ನನ್ನ ಬೆರಳೂ ಫೇಲಾತು ನೋಡವ್ವ.”

ಹೊರಡುವ ದಿನ ನಿನಗೆ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು. ದೂರ ಹೋಗುವ ಮಗಳಿಗೆ ತಾಯಿ ಹರಸಿ ಕೊಡುವುದು ಅದು, ಅಕ್ಕಿ ಚೆಲ್ಲಬಾರದು ಎನ್ನುತ್ತಾರೆ. ನನ್ನ ಕೈಯಿಂದ ಚೆಲ್ಲಿತು. ನೀನು ದುಃಖಕ್ಕೆ ಎಂದುಕೊಂಡೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟೆ. ಅಷ್ಟು ದೂರಕ್ಕೆ ಕಟ್ಟಿಕೊಡಲು ನನ್ನ ಹತ್ತಿರ ಇನ್ನೇನೂ ಇರಲಿಲ್ಲ.

ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಗಂಗಾವತಿಯ ಬಸ್ಸು ಬರಲು ಇನ್ನೂ ಹೊತ್ತಿತ್ತು. ಅಲ್ಲಿಂದ ಏಜೆಂಟರ ಕಡೆಯವರು ಹೈದರಾಬಾದಿಗೆ ಕರೆದುಕೊಂಡು ಹೋಗುವವರಿದ್ದರು. ಭೂಮಿಕಾ ನಿನ್ನ ಚೀಲದ ಮೇಲೆ ಕುಳಿತಿದ್ದಳು. ನೀನು ಅವಳನ್ನು ನೀರಿನ ಬಾಟಲಿ ತುಂಬಿಸಿಕೊಂಡು ಬಾ ಎಂದು ಕಳಿಸಿ, ನನ್ನ ಕೈ ಹಿಡಿದುಕೊಂಡೆ.

“ಮುಂದಿನ ವರ್ಷ ಈಕೀನೂ ಆ ಪರೀಕ್ಷಾ ಬರೀತಾಳ. ಹೆಸರು ಬಂದ್ರ ಬರಲಿ. ಬರದಿದ್ರ ಬೈಬ್ಯಾಡ ಯವ್ವ. ನನ್ನ ಮಗಳಲ್ಲೇನು, ನನ್ನಂಗ ಇರತಾಳ. ನಾ ಫೇಲಾದಾಗ ನೀ ನನಗ ಒಂದು ಮಾತು ಅನಲಿಲ್ಲ ನೋಡು. ಓಣ್ಯಾಗ ಎಲ್ಲಾರ ಅವ್ವಂದಿರು ಹೊಡೀತಿದ್ರು. ನೀ ಹೊಡೀಲಿಲ್ಲ, ಬೈಲಿಲ್ಲ. ಅದನ್ನ ನಾ ಮರತಿಲ್ಲ. ಅದಕ್ಕ ಈಕೀನ ನಿನ್ನ ಕಡೆ ಬಿಟ್ಟು ಧೈರ್ಯಲೇ ಹೊಂಟೀನಿ.”

ನಾನು ಮಾಡಿದ ಎಲ್ಲಕ್ಕಿಂತ ಕೆಟ್ಟ ಕೆಲಸವನ್ನು ನೀನು ನನ್ನ ಒಳ್ಳೆಯತನ ಎಂದು ಹದಿನೇಳು ವರ್ಷ ಜೋಪಾನ ಮಾಡಿಟ್ಟುಕೊಂಡಿದ್ದೆ. ಆಗ ತಡೆಯಲಾಗಲಿಲ್ಲ.

“ನೀ ಫೇಲಾಗಿದ್ದಿಲ್ಲ, ಹುಲಿಗಿ,” ಎಂದೆ. “ನಿನ್ನ ಹೆಸರು ಬಂದಿತ್ತು. ನಾನ ಮುಚ್ಚಿಟ್ಟೆ.”

ನೀನು ನನ್ನ ಮುಖ ನೋಡಿದೆ. ನಿನ್ನ ಕಣ್ಣು ತುಂಬಿ ಬಂತು, ಆದರೆ ನೀನು ನಗುತ್ತಿದ್ದೆ. “ಹೊಂಟು ನಿಂತಾಗ ಹಿಂಗ ಹೇಳಿ ಸಮಾಧಾನ ಮಾಡತೀಯಲ್ಲ ನನ್ನವ್ವ,” ಎಂದು ನನ್ನ ಸೆರಗಿನಿಂದಲೇ ನನ್ನ ಕಣ್ಣು ಒರೆಸಿದೆ. “ದಡ್ಡಿಯಾದ್ರೂ ನಡೀತೈತಿ ಬಿಡು, ನಿನ್ನ ಮಗಳದೀನಿ, ಅಷ್ಟು ಸಾಕು.”

ಬಸ್ಸು ಬಂತು. ನಾನು ನಿನ್ನ ತೋಳು ಹಿಡಿದು, ಇಲ್ಲ, ಇದು ಖರೇ ಮಾತು, ಎಂದು ಹೇಳಬಹುದಿತ್ತು. ಒಲೆ, ಪಟ್ಟಿ, ಮಾಸ್ತರರಿಗೆ ಹೇಳಿದ ಸುಳ್ಳು — ಒಂದನ್ನಾದರೂ ಹೇಳಿದ್ದರೆ ನೀನು ನಂಬುತ್ತಿದ್ದೆ. ನಾನು ಹೇಳಲಿಲ್ಲ. ಹೇಳಿದ ಹಾಗೂ ಆಯಿತು, ಸಿಕ್ಕಿಬೀಳದ ಹಾಗೂ ಆಯಿತು, ಮೇಲೆ ನಿನ್ನ ಪ್ರೀತಿಯೂ ಸಿಕ್ಕಿತು. ಕಿಟಕಿಯಿಂದ ನೀನು ಕೈ ಬೀಸಿದೆ, ನಾನೂ ಬೀಸಿದೆ. ಭೂಮಿಕಾ ತುಂಬಿದ ಬಾಟಲಿ ಹಿಡಿದುಕೊಂಡು ಓಡಿ ಬಂದಳು, ಅಷ್ಟರಲ್ಲಿ ಬಸ್ಸು ತಿರುಗಿಬಿಟ್ಟಿತ್ತು. ಆ ನೀರನ್ನು ನಿನಗೆ ಕೊಡಲಾಗಲಿಲ್ಲ ಎಂದು ಅವಳು ಮನೆಯವರೆಗೂ ಅತ್ತಳು.

ಎಂಟು ತಿಂಗಳಾಯಿತು. ಪ್ರತಿ ಶುಕ್ರವಾರ ನಿನ್ನ ಫೋನು ಬರುತ್ತದೆ. ಊಟ ಆಯಿತೇ ಎಂದು ನೀನು ಕೇಳುತ್ತೀಯ, ಅಲ್ಲಿ ಬಿಸಿಲು ಹೇಗಿದೆ ಎಂದು ನಾನು ಕೇಳುತ್ತೇನೆ. ಹೀಗೇ ನಡೆದುಹೋಗುತ್ತಿತ್ತು. ಆದರೆ ಹೋದ ವಾರ ಭೂಮಿಕಾಳ ಶಾಲೆಯಲ್ಲಿ ಆ ಪರೀಕ್ಷೆಯ ಅರ್ಜಿ ಕೊಟ್ಟರು. ಅವಳು ಅದನ್ನು ತುಂಬದೆ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಯಾಕೆ ಎಂದು ಕೇಳಿದೆ.

“ನಂದೂ ಬರಾಂಗಿಲ್ಲ ಬಿಡಜ್ಜಿ,” ಎಂದಳು. “ಅವ್ವಂದ ಬಂದಿಲ್ಲ. ನಮ್ಮ ಮನಿಯವರಿಗೆ ತಲಿ ಇಲ್ಲ.”

ಆಡುವ ಮಾತಿನಂತೆ ಹೇಳಿದಳು. ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ನೀನು ಒಲೆಯ ಪಕ್ಕ ಕುಳಿತು ಹೇಳಿದ್ದೆಯಲ್ಲ, ಅದೇ ದನಿ. ನಾನು ಆಡಿದ ಸುಳ್ಳು ಇನ್ನೊಂದು ತಲೆಯೊಳಗೆ ಹೋಗಿ ಕುಳಿತಿತ್ತು. ಆ ದಿನವೇ ಅವಳಿಂದ ಅರ್ಜಿ ತುಂಬಿಸಿದೆ. ಮರುದಿನ ಬೆಳಿಗ್ಗೆ ಅವಳನ್ನು ಶಾಲೆಗೆ ಕಳಿಸಿ ಯಲಬುರ್ಗಾದ ಬಸ್ಸು ಹತ್ತಿದೆ.

ಮಾಸ್ತರರು ರಿಟೈರಾಗಿ ಅಲ್ಲೇ ಮನೆ ಮಾಡಿಕೊಂಡಿದ್ದಾರೆ ಎಂದು ಗೊತ್ತಿತ್ತು. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ತಲೆ ಪೂರಾ ಬೆಳ್ಳಗಾಗಿತ್ತು. ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು. “ಹುಲಿಗೆಮ್ಮನ ಅವ್ವ,” ಎಂದರು. ಕುಳಿತುಕೋ ಎಂದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಆದ ಹಾಗೆ ಅರ್ಧ ಹೇಳಿ ನಿಲ್ಲಿಸಲಿಲ್ಲ.

“ಆ ಕೂಸಿಗೆ ಸೊಕ್ಕು ಅಂತ ತಿಳದಿದ್ದೆ ನಾ,” ಎಂದರು ಅವರು. “ಕೈ ಎತ್ತತಿತ್ತು. ನಾ ಆ ಕಡೆ ನೋಡತಿದ್ದಿಲ್ಲ. ಬೇಕಂತ ನೋಡತಿದ್ದಿಲ್ಲ. ಒಂದು ಸಲ ಕರದು, ಯಾಕ ಒಲ್ಲೆ ಅಂದಿ ಅಂತ ಕೇಳಿದ್ರ ಮುಗೀತಿತ್ತು.”

“ನಿಮ್ಮದೇನೂ ತಪ್ಪಿಲ್ರಿ, ಸರ.”

“ಅದನ್ನ ನೀ ಹೇಳಬ್ಯಾಡ,” ಎಂದರು. ಆಮೇಲೆ, “ಈಗ ನನ್ನ ಕಡೆ ಯಾಕ ಬಂದಿ? ಕ್ಷಮಾ ಕೇಳಾಕ?”

“ಅಲ್ರಿ. ಸಾಕ್ಷಿ ಬೇಕ್ರಿ. ನಾ ಹೇಳಿದ್ರ ಆಕಿ ನಂಬೂದಿಲ್ಲ. ಅವ್ವ ಸಮಾಧಾನಕ್ಕ ಹೇಳತಾಳ ಅಂತಾಳ.”

ಅವರು ಒಳಗಿನಿಂದ ಕನ್ನಡಕ ತರಿಸಿಕೊಂಡರು. ನಾನು ಒಯ್ದಿದ್ದ ಇದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದರು. ವಯಸ್ಸಾದರೂ ಅಕ್ಷರ ಮಾತ್ರ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರ, ನೋಡಿದರೆ ನಿನಗೆ ಗೊತ್ತಾಗುತ್ತದೆ. ಕೆಳಗೆ ಸಹಿ ಹಾಕಿ ಪುಸ್ತಕ ಕೊಟ್ಟರು. ಅವರ ಮನೆಯವರು ತಂದಿಟ್ಟ ನೀರನ್ನು ನಾನು ಕುಡಿಯಲಿಲ್ಲ, ಅವರೂ ಕುಡಿ ಎನ್ನಲಿಲ್ಲ. “ಆಕಿಗೆ ಮುಟ್ಟಿಸು. ನನ್ನ ಕಡೆ ಮತ್ತ ಬರಬ್ಯಾಡ, ನಿಂಗವ್ವ,” ಎಂದರು.

ಇದನ್ನು ಓದಿದ ಮೇಲೆ ನೀನು ಏನು ಮಾಡುತ್ತೀಯೋ ನನಗೆ ಗೊತ್ತಿಲ್ಲ. ಬೈದರೆ ಕೇಳುತ್ತೇನೆ. ಶುಕ್ರವಾರ ಫೋನು ಬರದಿದ್ದರೆ ಯಾಕೆಂದು ನಾನು ಕೇಳುವುದಿಲ್ಲ. ಭೂಮಿಕಾಳನ್ನು ನೀನು ಬಿಟ್ಟು ಹೋದದ್ದು ನೀನು ನಂಬಿದ್ದ ಒಬ್ಬ ತಾಯಿಯ ಹತ್ತಿರ. ಆ ತಾಯಿ ಇರಲೇ ಇಲ್ಲ. ಭೂಮಿಕಾ ಇನ್ನು ಎಲ್ಲಿರಬೇಕು ಎನ್ನುವುದು ನಿನ್ನ ಮಾತು. ಹುಲಿಹೈದರ ಊರಿನಲ್ಲಿರುವ ನಿನ್ನ ನಾದಿನಿಯ ಮನೆಗೆ ಕಳಿಸು ಎಂದರೆ ಅಂದೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ. ಅವಳ ಬಟ್ಟೆಗಳನ್ನು ಒಗೆದು ಮಡಿಸಿ ಇಟ್ಟಿದ್ದೇನೆ. ಅವಳಿಗೂ ನಾನೇ ಹೇಳುತ್ತೇನೆ, ನೀನು ಓದಿದ ಮರುದಿನ, “ನಿನ್ನ ತಾಯಿ ಪಾಸಾಗಿದ್ದಳು, ಅಜ್ಜಿ ಮುಚ್ಚಿಟ್ಟಳು” ಎಂದು. ಪರೀಕ್ಷೆಗೆ ಕೂರುವ ಮೊದಲು ಅವಳಿಗೆ ಅದು ತಿಳಿದಿರಬೇಕು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನನ್ನು ನಾನು ಬಲ್ಲೆ.

ನಾಳೆ ಶುಕ್ರವಾರ. ಈ ಹಾಳೆಗಳ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತೇನೆ, ಹೇಗೆಂದು ಭೂಮಿಕಾ ಕಲಿಸಿದ್ದಾಳೆ. ಕೊನೆಯ ಹಾಳೆಯನ್ನು ಮೊದಲು ಕಳಿಸುತ್ತೇನೆ. ನನ್ನ ಅಕ್ಷರವನ್ನು ನೀನು ಓದದಿದ್ದರೂ ನಡೆಯುತ್ತದೆ, ಮಾಸ್ತರರದನ್ನು ಮಾತ್ರ ಓದು. ಅವರು ಬರೆದದ್ದು ಇಷ್ಟೇ:

“ಚಿ. ಹುಲಿಗೆಮ್ಮ, ನೀನು ಪಾಸಾಗಿದ್ದೆ. ನಿನ್ನದು ಮೂರನೆಯ ಹೆಸರು. ಪಟ್ಟಿಯನ್ನು ನಾನೇ ತಂದಿದ್ದೆ. ನೀನು ಕೈ ಎತ್ತಿದಾಗ ನಾನು ನೋಡಬೇಕಿತ್ತು.”